ವಕೀಲರಿಲ್ಲದೆ ಮಗುವಿಗೆ ಮಧ್ಯಂತರ ಜೀವನಾಂಶ: ಗಡಿನಾಡಿನ ಒಂದು ಪ್ರಕರಣ

ಕೇರಳದ ಮಂಜೇಶ್ವರ ತಾಲ್ಲೂಕಿನ ಒಳಗಿನ ಊರೊಂದರ ತಾಯಿ 2024ರಲ್ಲಿ ತಮ್ಮ ಆರು ವರ್ಷದ ಮಗಳ ಖರ್ಚಿಗಾಗಿ ಕಾಸರಗೋಡಿನ ಕುಟುಂಬ ನ್ಯಾಯಾಲಯಕ್ಕೆ ಹೋದರು. ವಕೀಲರನ್ನು ಇಟ್ಟುಕೊಳ್ಳಲಿಲ್ಲ. ತಾವೇ ಅರ್ಜಿ ಹಾಕಿದರು, ತಾವೇ ನಿಂತು ಹೇಳಿದರು, ಕೇಸು ಮುಗಿಯುವವರೆಗೆ ತಿಂಗಳ ಖರ್ಚು ಕೊಡಿಸುವ ಮಧ್ಯಂತರ ಆದೇಶವನ್ನೂ ಪಡೆದರು. ಅವರ ಕಾಗದಪತ್ರ ಜೋಡಿಸುವಾಗ ಜೊತೆಗಿದ್ದವರಲ್ಲಿ ನಾನೂ ಒಬ್ಬಳು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಊರಿನ ಹೆಸರು ಬಿಟ್ಟಿದ್ದೇನೆ, ಮನೆಯ ಕೆಲವು ವಿವರಗಳನ್ನೂ ಮೊತ್ತಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ತಾಯಿ, ತಂದೆ, ಮಗು ಎಂದಷ್ಟೇ ಕರೆಯುತ್ತೇನೆ. ಹಾಗೆ ಕರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಗಂಡ ಹೆಂಡಿರ ಜಗಳವನ್ನು ಪಕ್ಕಕ್ಕಿಟ್ಟು ಮಗುವಿನ ಲೆಕ್ಕಕ್ಕೆ ಬಂದ ಮೇಲೆಯೇ ಈ ಕೇಸು ಮುಂದೆ ಹೋಯಿತು.

ಹಿನ್ನೆಲೆ

ತಾಯಿ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿವರೆಗೆ ಓದಿದವರು. ಮನೆಯಲ್ಲಿ ತುಳು. ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಓದಲು ಕಷ್ಟ. ಮದುವೆಯಾಗಿ ಗಡಿಯಾಚೆ ಬಂಟ್ವಾಳ ತಾಲ್ಲೂಕಿಗೆ ಹೋಗಿದ್ದರು. ತಂದೆಗೆ ವೈರಿಂಗ್ ಕೆಲಸ. ಮಂಗಳೂರಿನ ಕಟ್ಟಡಗಳಲ್ಲಿ ದುಡಿದು, ಸಂಬಳವನ್ನು ಹೆಚ್ಚಾಗಿ ನಗದಿನಲ್ಲೇ ತರುತ್ತಿದ್ದರು. 2023ರಲ್ಲಿ ತಾಯಿ ಮಗಳನ್ನು ಕರೆದುಕೊಂಡು ತವರಿಗೆ ಬಂದರು. ಯಾಕೆ ಬಂದರು ಎನ್ನುವುದು ದೊಡ್ಡ ಕಥೆ, ಇಲ್ಲಿ ಬೇಕಾಗಿಲ್ಲ. ಮಗುವನ್ನು ಹತ್ತಿರದ ಕನ್ನಡ ಶಾಲೆಗೆ ಸೇರಿಸಿದರು. ತಾಯಿ ಬೀಡಿ ಕಟ್ಟುತ್ತಾರೆ, ತಿಂಗಳಿಗೆ ಹೆಚ್ಚೆಂದರೆ 6,000 ರೂಪಾಯಿ ಸಿಗುತ್ತದೆ. ಮಗುವಿಗೆ ಮಳೆಗಾಲದಲ್ಲಿ ಉಬ್ಬಸ. ತಂದೆಯಿಂದ ಒಂದು ಪೈಸೆ ಬರುತ್ತಿರಲಿಲ್ಲ.

ಮೊದಲು ಒಬ್ಬ ವಕೀಲರಿಗೆ 5,000 ರೂಪಾಯಿ ಮುಂಗಡ ಕೊಟ್ಟಿದ್ದರು. ಅರ್ಜಿ ದಾಖಲಾಗಲೇ ಇಲ್ಲ. ವಿಚಾರಿಸಿದಾಗಲೆಲ್ಲ 'ಮುಂದಿನ ವಾರ' ಎಂಬ ಉತ್ತರ. ಆ ದುಡ್ಡು ಸಾಲದ್ದು.

ಸರಕಾರದ ಉಚಿತ ಕಾನೂನು ನೆರವಿನ ವಿಷಯ ಅವರಿಗೆ ಹೇಳಿದೆವು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಸಾಕು. ಆದರೆ ತಾಯಿ ಬೇರೆಯೇ ತೀರ್ಮಾನ ಮಾಡಿದರು. 'ಈ ಸಲ ಕಾಗದದಲ್ಲಿ ಏನು ಬರೆದಿದೆ ಅಂತ ನನಗೇ ಗೊತ್ತಿರಬೇಕು. ತಿಂಗಳ ಖರ್ಚಿನ ಅರ್ಜಿ ನಾನೇ ಹಾಕ್ತೇನೆ. ದೊಡ್ಡ ವಿಚಾರಣೆ ಬಂದಾಗ ವಕೀಲರನ್ನು ಕೇಳೋಣ' ಎಂದರು. ಆ ಗೆರೆ ಅವರು ಸರಿಯಾದ ಜಾಗದಲ್ಲೇ ಎಳೆದರು ಎಂದು ನನಗೆ ಈಗಲೂ ಅನಿಸುತ್ತದೆ. ಮಧ್ಯಂತರ ಅರ್ಜಿ ತೀರ್ಮಾನವಾಗುವುದು ಬಹುಮಟ್ಟಿಗೆ ಕಾಗದಗಳ ಮೇಲೆ. ಸಾಕ್ಷಿ ವಿಚಾರಣೆ, ಪಾಟಿಸವಾಲು ಹಾಗಲ್ಲ, ಅದಕ್ಕೆ ಪಳಗಿದ ಕೈ ಬೇಕು.

ವಕೀಲರಿಲ್ಲದೆ ಕೋರ್ಟಿಗೆ ಹೋದರೆ ಒಳಗೆ ಬಿಡುತ್ತಾರಾ ಎಂಬ ಭಯ ಬಹಳ ಜನರಿಗಿದೆ. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ 13ನೇ ಕಲಂ ಹೇಳುವುದು ಇದಕ್ಕೆ ಉಲ್ಟಾ: ಇಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಕಕ್ಷಿದಾರರ ಹಕ್ಕಲ್ಲ, ಅದಕ್ಕೆ ಕೋರ್ಟಿನ ಅನುಮತಿ ಬೇಕು. ತಾನೇ ಬಂದು ನಿಲ್ಲುವುದೇ ಈ ಕೋರ್ಟಿನ ಮೂಲ ಕಲ್ಪನೆ.

ಎಲ್ಲಿ ಹಾಕುವುದು, ಯಾರಿಗಾಗಿ ಕೇಳುವುದು

ಮೊದಲ ಗೊಂದಲ ಊರಿನದ್ದು. ತಂದೆ ಇರುವುದು ಕರ್ನಾಟಕದಲ್ಲಿ, ಮದುವೆಯಾದದ್ದೂ ಅಲ್ಲೇ. ಕೇಸೂ ಅಲ್ಲೇ ಹಾಕಬೇಕಲ್ವಾ ಎಂದು ನೆಂಟರು. ಹಾಗೇನಿಲ್ಲ. ಜೀವನಾಂಶದ ಅರ್ಜಿಯನ್ನು ಗಂಡ ಇರುವಲ್ಲೂ ಹಾಕಬಹುದು, ಹೆಂಡತಿ ವಾಸಿಸುವಲ್ಲೂ ಹಾಕಬಹುದು. ಆಯ್ಕೆ ಅರ್ಜಿದಾರರದ್ದು.

ಗಡಿಯಾಚೆಗೆ ಹೋದರೆ ಒಂದು ಲಾಭ ಇತ್ತು. ಅಲ್ಲಿನ ಕೆಳಗಿನ ಕೋರ್ಟುಗಳಲ್ಲಿ ಕನ್ನಡ ನಡೆಯುತ್ತದೆ. ಕಾಸರಗೋಡಿನಲ್ಲಿ ಕೋರ್ಟಿನ ಕಡತ ಸಾಗುವುದು ಇಂಗ್ಲಿಷ್ ಮತ್ತು ಮಲಯಾಳದಲ್ಲಿ. 1969ರ ಕೇರಳ ಆಡಳಿತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ ನಿಜ, ಆದರೆ ಕೋರ್ಟಿನ ಅರ್ಜಿಗೆ ಅದು ದಾರಿಯಾಗುವುದಿಲ್ಲ. ತಾಯಿ ಎರಡನ್ನೂ ತೂಗಿ ನೋಡಿದರು. ಪ್ರತಿ ವಾಯಿದೆಗೂ ಗಡಿ ದಾಟಿ ಹೋದರೆ ಆ ದಿನದ ಬೀಡಿ ಕೂಲಿ ಹೋಗುತ್ತದೆ, ಶಾಲೆ ಬಿಟ್ಟು ಬರುವ ಮಗುವನ್ನು ನೋಡಿಕೊಳ್ಳಲು ಅಜ್ಜಿ ಒಬ್ಬರೇ. ಭಾಷೆಗೆ ಯಾರಾದರೂ ಸಹಾಯ ಮಾಡಿಯಾರು, ಮಗುವಿಗೆ ಉಬ್ಬಸ ಬಂದರೆ ಯಾರು? ಕಾಸರಗೋಡೇ ಆಗಲಿ ಎಂದರು.

ಎರಡನೆಯ ತೀರ್ಮಾನ ಇನ್ನೂ ಮುಖ್ಯವಾದದ್ದು. ಅವರು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದು ತಂದಿದ್ದ ಮೊದಲ ಅರ್ಜಿಯಲ್ಲಿ ಪುಟಗಟ್ಟಲೆ ಮದುವೆಯ ಕಥೆ ಇತ್ತು. ಅತ್ತೆಯ ಮಾತು, ಕುಡಿತ, ಚಿನ್ನ ಅಡವಿಟ್ಟದ್ದು, ಒಂದು ದೀಪಾವಳಿಯ ರಾತ್ರಿ. ಓದಿದರೆ ಕಣ್ಣು ತುಂಬುತ್ತಿತ್ತು. ಆದರೆ ಮಗುವಿನ ವಿಷಯ ಕೊನೆಯ ಪುಟದಲ್ಲಿ ನಾಲ್ಕು ಸಾಲು ಮಾತ್ರ. ಖರ್ಚು ಎಷ್ಟು ಎಂಬುದೇ ಇರಲಿಲ್ಲ.

ಕಾನೂನಿನಲ್ಲಿ ಹೆಂಡತಿಯ ಹಕ್ಕು ಒಂದು, ಮಗುವಿನ ಹಕ್ಕು ಇನ್ನೊಂದು. ಸರಿಯಾದ ಕಾರಣವಿಲ್ಲದೆ ಗಂಡನ ಜೊತೆ ಇರಲು ಒಪ್ಪದ ಹೆಂಡತಿಗೆ ಜೀವನಾಂಶ ಇಲ್ಲ ಎಂಬ ವಾದಕ್ಕೆ ಕಾಯ್ದೆಯಲ್ಲಿ ಜಾಗ ಇದೆ. ಮಗುವಿನ ವಿಷಯದಲ್ಲಿ ಆ ವಾದಕ್ಕೆ ಜಾಗವೇ ಇಲ್ಲ. ಯಾರು ಮನೆ ಬಿಟ್ಟರು, ಯಾರದ್ದು ತಪ್ಪು, ಇದ್ಯಾವುದೂ ಆರು ವರ್ಷದ ಹುಡುಗಿಯ ಊಟದ ಪ್ರಶ್ನೆಗೆ ಸಂಬಂಧಪಟ್ಟದ್ದಲ್ಲ. ತಾಯಿ ಇದನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಆಮೇಲೆ ಹೀಗೆ ಮಾಡಿದರು: ಮುಖ್ಯ ಅರ್ಜಿ ತಮ್ಮ ಮತ್ತು ಮಗಳ ಹೆಸರಿನಲ್ಲಿ, ಮಧ್ಯಂತರ ಅರ್ಜಿಯಲ್ಲಿ ಕೇಳುವುದು ಮಗುವಿಗೆ ಮಾತ್ರ. ದೀಪಾವಳಿಯ ರಾತ್ರಿ ಮುಖ್ಯ ಅರ್ಜಿಯಲ್ಲಿ ಉಳಿಯಿತು. ಮಧ್ಯಂತರ ಅರ್ಜಿ ಎರಡೂವರೆ ಪುಟಕ್ಕೆ ಇಳಿಯಿತು.

ಎಲ್ಲರೂ ಹೀಗೇ ಮಾಡಬೇಕೆಂದು ನಾನು ಹೇಳುವುದಿಲ್ಲ. ಸ್ವಂತ ಆದಾಯವೇ ಇಲ್ಲದ ತಾಯಿ ತನಗೂ ಕೇಳಲೇಬೇಕು. ಇವರಿಗೆ ಬೀಡಿಯ ಕೂಲಿ ಇತ್ತು, ಅವಸರ ಇದ್ದದ್ದು ಮಗುವಿನ ಖರ್ಚಿಗೆ.

ಲೆಕ್ಕದ ಹಾಳೆ

'15,000 ಕೇಳು, ಕೋರ್ಟು ಹೇಗೂ ಅರ್ಧ ಮಾಡುತ್ತದೆ' ಎಂದು ಒಬ್ಬರು. 'ನಿನಗೆ ಆದಾಯವೇ ಇಲ್ಲ ಅಂತ ಬರಿ' ಎಂದು ಇನ್ನೊಬ್ಬರು. ಎರಡನ್ನೂ ತಾಯಿ ಕೇಳಲಿಲ್ಲ. ಊಟ ಮತ್ತು ಹಾಲು 3,500. ಶಾಲೆಯ ಆಟೋ 900. ಉಬ್ಬಸದ ಔಷಧಿ, ಡಾಕ್ಟರು 800. ಬಟ್ಟೆ, ಪುಸ್ತಕ, ಚಪ್ಪಲಿ ವರ್ಷದ್ದನ್ನು ತಿಂಗಳಿಗೆ ಹಂಚಿ 700. ಕರೆಂಟು, ಗ್ಯಾಸಿನಲ್ಲಿ ಮಗುವಿನ ಪಾಲು 600. ಬಸ್ಸು, ಚಿಲ್ಲರೆ 300. ಒಟ್ಟು 6,800. ಶಾಲೆಗೆ ಫೀಸಿಲ್ಲ, ಮಧ್ಯಾಹ್ನದ ಊಟ ಶಾಲೆಯಲ್ಲೇ ಸಿಗುತ್ತದೆ ಎಂಬುದನ್ನೂ ಬರೆದರು. ಆಟೋದವನಿಂದ ಸಹಿ ಮಾಡಿಸಿದ ಚೀಟಿ, ಮೆಡಿಕಲ್ ಅಂಗಡಿಯ ಬಿಲ್ಲುಗಳು, ಡಾಕ್ಟರ ಚೀಟಿ ಜೊತೆಗಿಟ್ಟರು.

ಇದರ ಜೊತೆ ಆಸ್ತಿ ಮತ್ತು ಹೊಣೆಗಳ ಅಫಿಡವಿಟ್, ಅಂದರೆ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣ ಮಾಡಿ ತಿಳಿಸುವ ಪತ್ರ ಬೇಕು. ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇದನ್ನು ಎರಡೂ ಕಡೆಯವರಿಗೆ ಕಡ್ಡಾಯ ಮಾಡಿದೆ. ನಮೂನೆಯೂ ತೀರ್ಪಿನಲ್ಲೇ ಇದೆ. ಉದ್ದವಾದದ್ದು, ನೋಡಿದ ಕೂಡಲೇ ತಲೆ ತಿರುಗುತ್ತದೆ. ಆದರೆ ವಕೀಲರಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಯಾಕೆಂದರೆ ಎದುರಿನವರೂ ಅದೇ ಕಾಲಂಗಳನ್ನು ತುಂಬಲೇಬೇಕು. ತಾಯಿ ತಮ್ಮ ಬೀಡಿ ಆದಾಯ 6,000 ಎಂದು ನೇರವಾಗಿ ಬರೆದರು. ಪ್ರಮಾಣ ಮಾಡಿ ಸುಳ್ಳು ಬರೆದರೆ ಅದಕ್ಕೇ ಬೇರೆ ಕ್ರಮ ಆಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಬೀಡಿಯ ವಿಷಯ ತಂದೆಗೆ ಗೊತ್ತಿತ್ತು. ಮುಚ್ಚಿಟ್ಟಿದ್ದರೆ ಅದೊಂದರಿಂದಲೇ ಉಳಿದ ಲೆಕ್ಕವನ್ನೂ ನಂಬದ ಹಾಗೆ ಆಗುತ್ತಿತ್ತು.

ತಂದೆಯ ಮನೆಯ ಅಡಿಕೆ ತೋಟವನ್ನೂ ಸೇರಿಸು ಎಂಬ ಒತ್ತಾಯ ಇತ್ತು. ಕರ್ನಾಟಕದ ಭೂಮಿ ಜಾಲತಾಣದಲ್ಲಿ ಪಹಣಿ ತೆಗೆದು ನೋಡಿದರೆ ಜಾಗ ಇನ್ನೂ ಅಜ್ಜನ ಹೆಸರಿನಲ್ಲಿದೆ. ಕೈಬಿಟ್ಟರು. ಬದಲಿಗೆ ತಮ್ಮ ಬ್ಯಾಂಕ್ ಪಾಸ್‌ಬುಕ್ಕಿಗೆ ಹಳೆಯ ಎಂಟ್ರಿಗಳನ್ನೆಲ್ಲ ಹಾಕಿಸಿ ತಂದರು. ಒಟ್ಟಿಗಿದ್ದಾಗ ಒಂದೂವರೆ ವರ್ಷ ಕಾಲ ತಂದೆ ಮನೆ ಖರ್ಚಿಗೆಂದು ಪ್ರತಿ ತಿಂಗಳೂ ಹಾಕುತ್ತಿದ್ದ ದುಡ್ಡು ಅದರಲ್ಲಿತ್ತು. ಒಂದು ತಿಂಗಳು 10,000, ಇನ್ನೊಂದು ತಿಂಗಳು 12,000. ಸಂಬಳದ ಚೀಟಿ ಇಲ್ಲದ ಮನುಷ್ಯನ ಆದಾಯಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು? ತಾಯಿ ಪೆನ್ಸಿಲಿನಲ್ಲಿ ಆ ಸಾಲುಗಳ ಪಕ್ಕ ಒಂದೊಂದು ಗೀಟು ಹಾಕಿ, ಆ ಪುಟಗಳನ್ನು ಮಾತ್ರ ಜೆರಾಕ್ಸ್ ಮಾಡಿಸಿದರು.

ದಾಖಲಾತಿ

ಪರಿಚಯದವರೊಬ್ಬರು ಕೊಟ್ಟ ಹಳೆಯ ಮಾದರಿ ಅರ್ಜಿಯಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಎಂದಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಬಂದಿದೆ. ಅದನ್ನು ತಿದ್ದಿ, ಆಗಸ್ಟಿನಲ್ಲಿ ವಿದ್ಯಾನಗರದ ಕೋರ್ಟು ಸಂಕೀರ್ಣಕ್ಕೆ ಹೋದರು. ಅರ್ಜಿಯನ್ನು ಇಂಗ್ಲಿಷಿಗೆ ಮಾಡಿಕೊಟ್ಟವರು ನಿವೃತ್ತ ಶಿಕ್ಷಕರು. ಸಹಿ ಮಾಡುವ ಮೊದಲು ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿಸಿಕೊಂಡು, 'ಕನ್ನಡದಲ್ಲಿ ಓದಿ ಹೇಳಲಾಗಿದೆ, ಅರ್ಥವಾಗಿದೆ' ಎಂದು ಅಫಿಡವಿಟ್ಟಿನ ಕೊನೆಯಲ್ಲಿ ಸೇರಿಸಿಸಿದರು. ಗಡಿನಾಡಿನ ನಮ್ಮವರು ದಯವಿಟ್ಟು ಇದೊಂದನ್ನು ಬಿಡಬೇಡಿ. ಅರ್ಥವಾಗದ ಕಾಗದಕ್ಕೆ ಸಹಿ ಹಾಕುವ ಅಭ್ಯಾಸ ನಮ್ಮಲ್ಲಿ ಜಾಸ್ತಿ.

ಅರ್ಜಿ ಒಮ್ಮೆ ವಾಪಸ್ ಬಂತು. ಮಗುವಿನ ಜನನ ಪ್ರಮಾಣಪತ್ರ ಕರ್ನಾಟಕದ್ದು, ಕನ್ನಡದಲ್ಲಿತ್ತು. ಅನುವಾದ ಲಗತ್ತಿಸಿರಲಿಲ್ಲ, ಪುಟ ಸಂಖ್ಯೆಯೂ ಹಾಕಿರಲಿಲ್ಲ. ಸರಿಪಡಿಸಿ ಮತ್ತೆ ಕೊಟ್ಟಾಗ ನಂಬರ್ ಬಿತ್ತು. ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕುವ, ಕೇಸಿನ ಗುರುತಾದ 16 ಅಕ್ಷರಗಳ ಸಿ.ಎನ್.ಆರ್. ಸಂಖ್ಯೆಯನ್ನು ಬರೆದಿಟ್ಟುಕೊಂಡರು. ವಾಯಿದೆ ಯಾವತ್ತು ಎಂದು ಕೇಳಲು ಸುಮ್ನೆ ಬಸ್ಸು ಹತ್ತಿ ಹೋಗುವುದು ತಪ್ಪಿತು.

ಅರ್ಜಿಯ ಪ್ರಾರ್ಥನೆಯ ಭಾಗದಲ್ಲಿ, ಅಂದರೆ ಕೋರ್ಟಿನಿಂದ ಏನು ಬೇಕೆಂದು ಕೇಳುವ ಕಡೆ, ಅವರು ಬರೆಸಿದ ಎರಡು ಸಾಲು ಮುಂದೆ ಬಹಳ ಉಪಯೋಗಕ್ಕೆ ಬಂದವು. ಒಂದು, ಮೊತ್ತವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕು. ಇನ್ನೊಂದು, ಪ್ರತಿ ತಿಂಗಳು 10ನೇ ತಾರೀಕಿನೊಳಗೆ ತನ್ನ ಬ್ಯಾಂಕ್ ಖಾತೆಗೇ ಹಾಕಬೇಕು.

ಮೊದಲ ನೋಟಿಸು 'ಬಾಗಿಲು ಹಾಕಿದೆ' ಎಂಬ ಷರಾದೊಂದಿಗೆ ಮರಳಿತು. ತಾಯಿ ತಂದೆಯ ಮನೆಯ ವಿಳಾಸದ ಜೊತೆಗೆ ಕೆಲಸದ ಜಾಗದ ವಿಳಾಸವನ್ನೂ ಕೊಟ್ಟರು. ಅಕ್ಟೋಬರ್ ಮಧ್ಯದಲ್ಲಿ ನೋಟಿಸು ತಲುಪಿತು. ನೋಟಿಸು ತಲುಪಿದ ದಿನದಿಂದ 60 ದಿನಗಳೊಳಗೆ ಮಧ್ಯಂತರ ಅರ್ಜಿಯನ್ನು ಸಾಧ್ಯವಾದಷ್ಟು ಮಟ್ಟಿಗೆ ಮುಗಿಸಬೇಕು ಎಂದು ಕಾಯ್ದೆ ಹೇಳುತ್ತದೆ.

ತಂದೆಯ ಉತ್ತರ

ತಂದೆ ವಕೀಲರ ಜೊತೆ ಬಂದರು. ಕರಿಕೋಟು ನೋಡಿ ತಾಯಿಗೆ ಕೈ ನಡುಗಿತಂತೆ. ಅಫಿಡವಿಟ್ಟಿಗೆ ತಂದೆಯ ಕಡೆಯವರು ಒಮ್ಮೆ ಕಾಲಾವಕಾಶ ಕೇಳಿದರು, ಕೋರ್ಟು ಕೊಟ್ಟಿತು. ನಡುವೆ ಆಪ್ತ ಸಮಾಲೋಚನೆ ನಡೆಯಿತು. ಅಲ್ಲಿ ತಂದೆಯ ಕಡೆಯಿಂದ ಒಂದು ಮಾತು ಬಂತು: ಒಟ್ಟಿಗೆ 50,000 ಕೊಡುತ್ತೇವೆ, ಕೇಸು ವಾಪಸ್ ತೆಗೆಯಲಿ. ಸಾಲ ಇದ್ದವರಿಗೆ ಅದು ದೊಡ್ಡ ಮೊತ್ತ. ಮನೆಯವರು 'ತೆಗೆದುಕೋ' ಎಂದರು. ತಾಯಿ ರಾತ್ರಿ ಕೂತು ಭಾಗಿಸಿ ನೋಡಿದರು. ತಿಂಗಳಿಗೆ 6,800ರ ಹಾಗೆ ಎಂಟು ತಿಂಗಳು ತುಂಬುವ ಮೊದಲೇ ಮುಗಿಯುತ್ತದೆ. ಹುಡುಗಿಗೆ 18 ತುಂಬಲು ಇನ್ನೂ 12 ವರ್ಷ. ಅಲ್ಲದೆ ಮಗುವಿನ ಹಕ್ಕನ್ನು ತಾಯಿ ರಾಜಿಯಲ್ಲಿ ಬಿಟ್ಟುಕೊಡಲು ಬರುವುದಿಲ್ಲ. 'ಮಾತುಕತೆಗೆ ಯಾವಾಗಲೂ ಬರುತ್ತೇನೆ, ಅಲ್ಲಿವರೆಗೆ ತಿಂಗಳ ಖರ್ಚು ಬರಲಿ' ಎಂದು ಮರುದಿನ ಹೇಳಿದರು. ಬಾಗಿಲು ಹಾಕಲಿಲ್ಲ, ಅರ್ಜಿಯನ್ನೂ ಬಿಡಲಿಲ್ಲ.

ಆಕ್ಷೇಪಣೆಯಲ್ಲಿ ತಂದೆ ಹೇಳಿದ್ದು ಮೂರು ವಿಷಯ. ಆಕೆ ತಾನಾಗಿ ಮನೆ ಬಿಟ್ಟು ಹೋದಳು. ಆಕೆಗೆ ಬೀಡಿ ಆದಾಯ ಇದೆ, ತನಗೆ ಖಾಯಂ ಕೆಲಸ ಇಲ್ಲ, ಸಿಗುವುದು 9,000. ಮಗುವನ್ನು ಕಳಿಸಿಕೊಟ್ಟರೆ ತಾನೇ ಸಾಕುತ್ತೇನೆ.

ತಾಯಿಗೆ ಮೊದಲನೆಯದನ್ನು ಓದಿ ಸಿಟ್ಟು ನೆತ್ತಿಗೇರಿತು. ನೋಟ್‌ಬುಕ್ಕಿನ ಆ ಪುಟಗಳನ್ನೆಲ್ಲ ಮತ್ತೆ ಉತ್ತರವಾಗಿ ಹಾಕಬೇಕೆಂದು ಹಠ ಹಿಡಿದರು. ಆ ಸಂಜೆ ಕೇಸು ಎತ್ತ ಬೇಕಾದರೂ ತಿರುಗಬಹುದಿತ್ತು. ಮದುವೆಯ ಜಗಳ ಈ ಹಂತದಲ್ಲಿ ಒಳಗೆ ಬಂದರೆ ಅದಕ್ಕೆ ಪ್ರತ್ಯುತ್ತರ, ಮತ್ತೊಂದು ವಾಯಿದೆ, ಮತ್ತೊಂದು ಆರೋಪ. ಮಗುವಿನ ಔಷಧಿ ಅಷ್ಟು ದಿನ ಕಾಯುತ್ತದಾ? ಕೊನೆಗೆ ಅವರೇ ತಂದೆಯ ಅಫಿಡವಿಟ್ಟನ್ನು ಎದುರಿಗಿಟ್ಟುಕೊಂಡು ಕಾಲಂ ಕಾಲಂ ಓದಿಸಿಕೊಂಡರು. ಹೊಣೆಗಳ ಕಾಲಂ ಬಂದಾಗ ತಡೆದರು.

ಬೈಕಿನ ಸಾಲದ ಕಂತು 4,200. ಚಿಟ್ ಫಂಡಿಗೆ 3,000. ಅಪ್ಪ ಅಮ್ಮನ ಔಷಧಿಗೆ 2,500. ಕೂಡಿಸಿದರೆ 9,700. ಊಟವಿಲ್ಲ, ಪೆಟ್ರೋಲಿಲ್ಲ, ಫೋನಿಲ್ಲ. ಆಗಲೇ ಆದಾಯ ಎಂದು ತೋರಿಸಿದ 9,000ವನ್ನು ದಾಟಿತ್ತು. ಚಿಟ್ಟಿಗೆ ಕಟ್ಟುವುದು ಖರ್ಚೂ ಅಲ್ಲ, ಉಳಿತಾಯ. ಬೀಡಿಯ ಲೆಕ್ಕ ದಿನಾ ಇಡುವ ಹೆಂಗಸಿಗೆ ಇದು ಕಣ್ಣಿಗೆ ಬೀಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಉತ್ತರ ಒಂದೇ ಪುಟದ್ದಾಯಿತು. ಈ ಕೂಡಿಸಿದ ಲೆಕ್ಕ, ಪಾಸ್‌ಬುಕ್ಕಿನ ಎಂಟ್ರಿಗಳು. ಮನೆ ಬಿಟ್ಟ ಪ್ರಶ್ನೆ ಮಗುವಿನ ಹಕ್ಕನ್ನು ಮುಟ್ಟುವುದಿಲ್ಲ, ತನ್ನ ಉತ್ತರ ಮುಖ್ಯ ಅರ್ಜಿಯಲ್ಲಿದೆ ಎಂಬ ಒಂದು ಸಾಲು. ಮಗು ಯಾರ ಬಳಿ ಇರಬೇಕೆಂಬುದು ಬೇರೆ ಅರ್ಜಿಯ ವಿಷಯ, ಈಗ ಮಗು ಇರುವುದು ತನ್ನ ಬಳಿ ಎಂಬ ಇನ್ನೊಂದು ಸಾಲು. ಗಟ್ಟಿಮುಟ್ಟಾಗಿರುವವರು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು 2022ರಲ್ಲಿ ಅಂಜು ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನೂ ಸೇರಿಸಿದರು.

ವಿಚಾರಣೆಯ ದಿನ ತಾಯಿ ಮೊದಲೇ ಹೇಳಿದರು, ತನಗೆ ಸರಿಯಾಗಿ ಬರುವುದು ಕನ್ನಡ ಎಂದು. ಕನ್ನಡ ಬಲ್ಲ ಸಿಬ್ಬಂದಿಯೊಬ್ಬರು ಅವರ ಮಾತನ್ನು ಮಲಯಾಳದಲ್ಲಿ ಹೇಳಿದರು. ಅವರು ಹೇಳಿದ್ದು ಆ ಒಂದು ಪುಟದಲ್ಲಿದ್ದಷ್ಟೇ.

ಆದೇಶ, ಆಮೇಲೆ

2025ರ ಜನವರಿ ಮೊದಲ ವಾರ ಆದೇಶ ಬಂತು. ಮಗುವಿಗೆ ತಿಂಗಳಿಗೆ 5,000, ಅರ್ಜಿ ಹಾಕಿದ ಆಗಸ್ಟಿನಿಂದಲೇ. ತಾಯಿಗೂ ಸ್ವಲ್ಪ ಆದಾಯ ಇರುವುದರಿಂದ ಖರ್ಚಿನಲ್ಲಿ ಅವರ ಪಾಲೂ ಇದೆ ಎಂದು ಕೋರ್ಟು ಲೆಕ್ಕ ಹಾಕಿತ್ತು. ಡಿಸೆಂಬರ್‌ವರೆಗಿನ ಐದು ತಿಂಗಳ ಬಾಕಿ 25,000ವನ್ನು ಎರಡು ಕಂತಿನಲ್ಲಿ ಕೊಡಬೇಕು, ಮುಂದಿನದು ತಿಂಗಳ 10ರೊಳಗೆ ಖಾತೆಗೆ. 6,800 ಕೇಳಿ 5,000 ಸಿಕ್ಕಿದ್ದು ಕಡಿಮೆ ಎಂದು ಕೆಲವರಿಗೆ ಅನಿಸಿತು. ನನಗೆ ಹಾಗೆ ಅನಿಸಲಿಲ್ಲ. 15,000 ಕೇಳಿದ್ದರೆ ಆ ಬಿಲ್ಲು ಚೀಟಿಗಳು ಅದನ್ನು ಹೊತ್ತು ನಿಲ್ಲುತ್ತಿರಲಿಲ್ಲ. ಆದೇಶದ ಪ್ರತಿಯನ್ನು ಅರ್ಜಿದಾರರಿಗೆ ಪುಕ್ಕಟೆಯಾಗಿ ಕೊಡಬೇಕೆಂದು ಕಾಯ್ದೆಯಲ್ಲೇ ಇದೆ, ಕೇಳಿ ಪಡೆದರು.

ದುಡ್ಡು ಮಾರ್ಚ್‌ವರೆಗೆ ಬಂತು. ಏಪ್ರಿಲ್, ಮೇ ಬರಲಿಲ್ಲ. ತಂದೆ ಫೋನಿನಲ್ಲಿ 'ಕೈಯಲ್ಲಿ ಕೊಟ್ಟಿದ್ದೇನೆ' ಎಂದು ನೆಂಟರ ಹತ್ತಿರ ಹೇಳುತ್ತಿದ್ದರು. ಖಾತೆಗೇ ಹಾಕಬೇಕೆಂದು ಆದೇಶದಲ್ಲಿ ಇದ್ದುದರಿಂದ ಆ ಮಾತು ನಿಲ್ಲಲಿಲ್ಲ. ಜೂನಿನಲ್ಲಿ ತಾಯಿ ವಸೂಲಿ ಅರ್ಜಿ ಹಾಕಿದರು. ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಇದನ್ನು ಹಾಕಬೇಕು, ತಡ ಮಾಡಿದರೆ ಈ ದಾರಿ ಮುಚ್ಚುತ್ತದೆ. ವಾರಂಟ್ ಹೊರಟ ಮೇಲೂ ಕೊಡದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ಆಗಬಹುದು. ಆದೇಶ ಕೇರಳದ್ದಾದರೂ ತಂದೆ ಇರುವ ಊರಿನ ಮ್ಯಾಜಿಸ್ಟ್ರೇಟರು ಅದನ್ನು ಜಾರಿ ಮಾಡಬಹುದು, ಗಡಿ ಅಡ್ಡ ಬರುವುದಿಲ್ಲ. ಇಲ್ಲಿ ಅಷ್ಟು ದೂರ ಹೋಗಲಿಲ್ಲ. ನೋಟಿಸು ಮುಟ್ಟಿದ ಮೇಲೆ ಜುಲೈಯಲ್ಲಿ ಬಾಕಿ ಪೂರ್ತಿ ಜಮೆಯಾಯಿತು.

ಮುಖ್ಯ ಅರ್ಜಿ ಈಗ ಸಾಕ್ಷಿಯ ಹಂತಕ್ಕೆ ಬಂದಿದೆ. ಮೊದಲೇ ಹೇಳಿದ್ದಂತೆ ತಾಯಿ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಉಚಿತ ವಕೀಲರನ್ನು ಪಡೆದಿದ್ದಾರೆ. ಅವರ ಸ್ವಂತ ಜೀವನಾಂಶದ ಪ್ರಶ್ನೆ, ಮನೆ ಬಿಟ್ಟ ಕಾರಣ, ಆ ನೋಟ್‌ಬುಕ್ಕಿನ ಪುಟಗಳು ಎಲ್ಲವೂ ಇನ್ನು ಅಲ್ಲಿ ಬರಬೇಕು. ಮಗುವಿನ ಔಷಧಿ ಬಿಲ್ಲುಗಳನ್ನು ತಾಯಿ ತಿಂಗಳು ತಿಂಗಳು ಒಂದು ಫೈಲಿಗೆ ಹಾಕುತ್ತಿದ್ದಾರೆ. ಖರ್ಚು ಏರಿದಾಗ ಮೊತ್ತ ಹೆಚ್ಚಿಸಲು ಕೇಳುವ ಅವಕಾಶ ಕಾಯ್ದೆಯಲ್ಲಿದೆ, ಆಗ ಅವು ಬೇಕಾಗುತ್ತವೆ.